ಹಾಸಿಗೆಯಿಂದೆದ್ದು ಕೆಲಸ ಹುಡುಕಿದ ರೋಗಿ



ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದರೆ ನಾವು ಏನು ಮಾಡುತ್ತೇವೆ? ಸುಮ್ಮನೆ ಮಲಗಿರಿ ಎನ್ನುತ್ತೇವೆ. ಊಟ ತಿನ್ನಿಸುತ್ತೇವೆ, ತಲೆ ಬಾಚುತ್ತೇವೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಕೈಯಿಂದ ಕೆಲಸವೆಲ್ಲ ಹೋದ ಮೇಲೆ ಆ ಮನುಷ್ಯನಿಗೆ ಉಳಿಯುವುದೇನು? ಈ ಪ್ರಶ್ನೆಯನ್ನು ತಮ್ಮ ಮೈಯಲ್ಲೇ ಅನುಭವಿಸಿದವರು ಜಾರ್ಜ್ ಎಡ್ವರ್ಡ್ ಬಾರ್ಟನ್.

1871ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಬಾರ್ಟನ್ ಕಟ್ಟಡಗಳ ವಾಸ್ತುಶಿಲ್ಪಿ. ಕೈಕಸುಬೆಂದರೆ ಅವರಿಗೆ ಅಚ್ಚುಮೆಚ್ಚು. ಇನ್ನೂ ಯೌವನದಲ್ಲಿರುವಾಗಲೇ ಕ್ಷಯರೋಗ ಅಂಟಿತು. ಹವೆ ಬದಲಾವಣೆಗೆಂದು ಕೊಲರಾಡೋಗೆ ಹೋದರೆ, ಅಲ್ಲಿಯ ಚಳಿಗೆ ಎಡಗಾಲು ಮರಗಟ್ಟಿ ಕೊಳೆಯಿತು, ಕಾಲ್ಬೆರಳುಗಳನ್ನು ಕತ್ತರಿಸಬೇಕಾಯಿತು. ಬೆನ್ನಿಗೇ ಎಡ ಮಗ್ಗುಲು ಸ್ವಾಧೀನ ತಪ್ಪಿತು.

ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಆರೋಗ್ಯಧಾಮದಲ್ಲಿ ನಿರಾಶರಾಗಿದ್ದ ಅವರಿಗೆ ಎಪಿಸ್ಕೋಪಲ್ ಸಭೆಯ ಗುರು ಎಲ್ವುಡ್ ವುಸ್ಟರ್ ಸಾಂತ್ವನ ನೀಡಿದರು. ನಿಮ್ಮಂಥ ರೋಗಿಗಳಿಗಾಗಿ ನೀವೇ ಏನಾದರೂ ಮಾಡಬಾರದೇಕೆ ಎಂಬ ದಾರಿ ತೋರಿದರು. ಬಾರ್ಟನ್ ಅದೇ ಊರಲ್ಲಿ ಮನೆಯೊಂದನ್ನು ಕೊಂಡು, 1914ರಲ್ಲಿ ಅದಕ್ಕೆ ‘ಸಾಂತ್ವನ ಗೃಹ’ ಎಂಬ ಅರ್ಥದ ಹೆಸರಿಟ್ಟು ತೆರೆದರು. ಮರಗೆಲಸ, ತೋಟದ ಕೆಲಸ ಮಾಡುತ್ತಾ ತಮ್ಮದೇ ಕೈಕಾಲುಗಳನ್ನು ಪಳಗಿಸಿಕೊಂಡರು.

1917ರ ಮಾರ್ಚ್‌ನಲ್ಲಿ ಆರು ಮಂದಿ ಆ ಮನೆಯಲ್ಲಿ ಸೇರಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಅವರಲ್ಲಿ ಮನೋವೈದ್ಯ ವಿಲಿಯಂ ಡಂಟನ್, ಎಲೀನರ್ ಕ್ಲಾರ್ಕ್ ಸ್ಲೇಗಲ್, ಮುಂದೆ ಬಾರ್ಟನ್‌ರ ಮಡದಿಯಾದ ಇಸಬೆಲ್ ನ್ಯೂಟನ್ ಇದ್ದರು. ಬಾರ್ಟನ್ ಮೊದಲ ಅಧ್ಯಕ್ಷರು. ‘ಆಕ್ಯುಪೇಷನಲ್ ಥೆರಪಿ’ ಎಂಬ ಹೆಸರನ್ನು ಬಳಕೆಗೆ ತಂದ ಕೀರ್ತಿಯೂ ಅವರದೇ. ಮರುತಿಂಗಳೇ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಗಾಯಾಳು ಸೈನಿಕರ ಶುಶ್ರೂಷೆಯಲ್ಲಿ ಈ ಚಿಕಿತ್ಸೆ ಬೇರೂರಿತು.

ಇದು ಹೊತ್ತು ಕಳೆಯುವ ಕೆಲಸವಲ್ಲ, ಗಮನಿಸಿ. ಚಿಕಿತ್ಸಕರು ಮೂರು ವಿಷಯ ನೋಡುತ್ತಾರೆ: ಈ ವ್ಯಕ್ತಿ ಯಾರು, ಅವರಿಗೆ ಬೇಕಾದ ಕೆಲಸ ಯಾವುದು, ಅವರು ಬಾಳುವ ಜಾಗ ಎಂಥದು. ಸ್ನಾನ, ಊಟ, ದುಡಿಮೆ, ಆಟಪಾಠ ಎಲ್ಲವೂ ಇಲ್ಲಿ ಕೆಲಸವೇ. ರೊಟ್ಟಿ ತಟ್ಟುತ್ತಿದ್ದ ತಾಯಿಗೆ ಮೊದಲು ಹಿಟ್ಟು ಕಲಸುವುದು, ಆಮೇಲೆ ಉಂಡೆ ಕಟ್ಟುವುದು, ಕೊನೆಗೆ ತಟ್ಟುವುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆ. ಕೈ ಪೂರ್ತಿ ಬಾರದಿದ್ದರೆ ಸುತ್ತಲಿನದನ್ನೇ ಬದಲಿಸುತ್ತಾರೆ: ಚಮಚದ ಹಿಡಿ ದಪ್ಪ ಮಾಡುವುದು, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸುವುದು.

ಬಾರ್ಟನ್ 1923ರಲ್ಲಿ ತೀರಿಕೊಂಡರು. ಅವರಿಗೆ ಪೂರ್ಣ ಆರೋಗ್ಯ ಮರಳಲೇ ಇಲ್ಲ. ಆದರೂ ಅವರು ಹಚ್ಚಿದ ದೀಪ ದೂರ ಸಾಗಿತು. 1950ರಲ್ಲಿ ಕಮಲಾ ನಿಂಬ್ಕರ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಮ್ಮ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು.

ವಾಚಕರೇ, ನಿಮ್ಮ ಮನೆಯಲ್ಲೂ ರೋಗಿಯೊಬ್ಬರು ಇರಬಹುದು. ಯಾವ ಕೆಲಸಕ್ಕೆ ಅಪಾಯವಿಲ್ಲವೆಂದು ವೈದ್ಯರನ್ನು ಕೇಳಿ. ಅವರು ಒಪ್ಪಿದ ಮೇಲೆ ನಾಳೆ ಬಟಾಣಿ ಬಿಡಿಸುವ ತಟ್ಟೆಯನ್ನು ಆ ಮಡಿಲಿಗಿಡಿ. ಹೊತ್ತು ಹೆಚ್ಚು ಹಿಡಿದೀತು, ಕಾಳು ನೆಲಕ್ಕೆ ಚೆಲ್ಲೀತು, ಚೆಲ್ಲಲಿ. ಅವಸರಪಟ್ಟು ತಟ್ಟೆ ಹಿಂದಕ್ಕೆ ಕಸಿಯಬೇಡಿ.