ಹಾಸನದ ಊಟ ಎಲ್ಲಿ ಸಿಗುತ್ತೆ? ಗೊರೂರರನ್ನು ಕೇಳಿ

ಬೇಲೂರು, ಹಳೇಬೀಡು ನೋಡೋಕೆ ಹೊರಟವರೆಲ್ಲ ನನಗೆ ಕೇಳೋದು ಒಂದೇ: ಹಾಸನದಲ್ಲಿ ಪಕ್ಕಾ ಲೋಕಲ್ ಊಟ ಎಲ್ಲಿ ಸಿಗುತ್ತೆ? ಮುದ್ದೆ, ಉಪ್ಸಾರು, ಅವರೆಕಾಳು ಸಾರು, ಅಕ್ಕಿರೊಟ್ಟಿ, ನಾಟಿಕೋಳಿ ಅಂತ ಹೇಳಿ ಒಂದೆರಡು ಮೆಸ್ಸಿನ ದಾರಿ ತೋರಿಸಿಬಿಡಬಹುದು. ಆದರೆ ‘ಲೋಕಲ್’ ಅನ್ನೋ ಪದವನ್ನು ಇಷ್ಟು ಸಲೀಸಾಗಿ ಬಳಸೋ ಮೊದಲು, ಇದೇ ಮಣ್ಣಿನ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಬದುಕನ್ನು ಒಮ್ಮೆ ನೋಡಬೇಕು ಅನ್ನೋದು ನನ್ನ ವಾದ.

ಗೊರೂರರು ಅಂದರೆ ನಮಗೆ ಪಠ್ಯಪುಸ್ತಕದಲ್ಲಿ ನಗಿಸಿದ ಲೇಖಕ, ಅಷ್ಟೇ. ಅವರ ರಾಜಕೀಯವನ್ನು ನಾವು ಮರೆತೇಬಿಟ್ಟಿದ್ದೇವೆ.

ಅವರು ಹುಟ್ಟಿದ್ದು 1904ರ ಜುಲೈ 4ರಂದು, ಹಾಸನದಿಂದ ಅರಕಲಗೂಡಿನ ಕಡೆ ಹೋಗುವ ದಾರಿಯಲ್ಲಿ ಹೇಮಾವತಿ ದಂಡೆಯ ಮೇಲಿರುವ ಗೊರೂರಿನಲ್ಲಿ. ಮನೆತನ ಶ್ರೀವೈಷ್ಣವರದು. ಆ ಕಾಲದ ಅಂಥ ಮನೆಗಳಲ್ಲಿ ಅಡುಗೆಮನೆಗೆ ಯಾರು ಬರಬಹುದು, ಯಾರ ಪಕ್ಕ ಯಾರು ಎಲೆ ಹಾಕಬಹುದು ಅನ್ನೋದೆಲ್ಲ ಮೊದಲೇ ತೀರ್ಮಾನ ಆಗಿರುತ್ತಿತ್ತು. ಪೇಟೆಯಲ್ಲೂ ಬೇರೆ ಕಥೆಯೇನಲ್ಲ. ಹೋಟೆಲಿನ ಬೋರ್ಡಿನ ಮೇಲೆಯೇ ‘ಬ್ರಾಹ್ಮಣರ’ ಅಂತ ಬರೆದಿರುತ್ತಿದ್ದ ಕಾಲ ಅದು. ಎಲ್ಲಿ ಊಟ ಮಾಡೋದು ಅನ್ನೋ ಪ್ರಶ್ನೆಗೆ ಉತ್ತರ ಕೊಡುತ್ತಿದ್ದದ್ದು ರುಚಿ ಅಲ್ಲ, ಜಾತಿ.

ಅಂಥ ವಾತಾವರಣದಿಂದ ಬಂದ ಹುಡುಗ ಗಾಂಧಿಯ ಕರೆಗೆ ಓಗೊಟ್ಟು ಓದು ಬಿಟ್ಟು ಚಳವಳಿಗೆ ಬಂದ. ಅಹಮದಾಬಾದಿನ ಗುಜರಾತ್ ವಿದ್ಯಾಪೀಠ ಸೇರಿದ. ಆಮೇಲೆ ಖಾದಿ, ಗ್ರಾಮೋದ್ಯೋಗ, ಹರಿಜನ ಸೇವೆ ಅಂತ ಊರೂರು ಸುತ್ತಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೂ ಹೋದರು.

ಇನ್ನೊಂದು ಕೆಲಸವನ್ನೂ ಮಾಡಿದರು. ಗಾಂಧಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದರು. ಆ ಪುಸ್ತಕದಲ್ಲಿ ಊಟದ ಮಾತು ಎಷ್ಟಿದೆ ಗೊತ್ತಾ? ಲಂಡನ್ನಿನಲ್ಲಿ ಹೊಟ್ಟೆ ತುಂಬದ ವಿದ್ಯಾರ್ಥಿ ಗಾಂಧಿ ಸಸ್ಯಾಹಾರಿ ಹೋಟೆಲ್ ಹುಡುಕುತ್ತಾ ದಿನವೂ ಮೈಲಿಗಟ್ಟಲೆ ನಡೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದನ್ನು ಕಂಡುಕೊಳ್ಳುತ್ತಾರೆ. ಅದು ನಮ್ಮ ಟೂರಿಸ್ಟುಗಳ ಪ್ರಶ್ನೆಯೇ. ಆದರೆ ಅದೇ ಪುಸ್ತಕದಲ್ಲಿ ಮುಂದೆ 1915ರ ಕಥೆ ಬರುತ್ತದೆ. ಅಹಮದಾಬಾದಿನ ಆಶ್ರಮಕ್ಕೆ ದೂದಾಭಾಯಿ ಅನ್ನುವವರ ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡಾಗ ದೇಣಿಗೆ ನಿಂತುಹೋಯಿತು, ಬಾವಿಯ ಹತ್ತಿರ ಬೈಗುಳ ಕೇಳಬೇಕಾಯಿತು, ಕಸ್ತೂರಬಾ ಅವರಿಗೇ ಇರುಸುಮುರುಸಾಯಿತು. ಒಂದೇ ಅಡುಗೆಮನೆ ಅನ್ನೋದು ಆಗ ಮಾತಿನ ಆದರ್ಶ ಆಗಿರಲಿಲ್ಲ, ಅದಕ್ಕೆ ಬೆಲೆ ತೆರಬೇಕಿತ್ತು. ಗೊರೂರಿನ ಅಯ್ಯಂಗಾರರೊಬ್ಬರು ಕೂತು ಇದನ್ನೆಲ್ಲ ಸಾಲು ಸಾಲಾಗಿ ಕನ್ನಡ ಮಾಡಿದರು ಅನ್ನೋದು ನನಗೆ ಸಣ್ಣ ವಿಷಯವಾಗಿ ಕಾಣಲ್ಲ.

ಅವರ ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಇಂಥ ಪುಸ್ತಕಗಳಲ್ಲಿ ಹಳ್ಳಿಗರನ್ನು ನೋಡಿ ನಗುವ ದೊಡ್ಡಸ್ತಿಕೆ ಇಲ್ಲ, ಅವರ ಜೊತೆ ಕೂತು ನಗುವ ಸಲಿಗೆ ಇದೆ. ಅವರ ಕಥೆಯಿಂದಲೇ ಸಿದ್ದಲಿಂಗಯ್ಯ 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಸಿನಿಮಾ ತೆಗೆದದ್ದು. ಲೋಕನಾಥ್ ಉಪ್ಪಿನಕಾಯಿ ತಿನ್ನುವ ಸೀನ್ ಎಲ್ಲರಿಗೂ ಗೊತ್ತು. ‘ಉಪ್ಪಿನಕಾಯಿ ಲೋಕನಾಥ್’ ಅನ್ನೋ ಹೆಸರೇ ಅವರಿಗೆ ಅಂಟಿಕೊಂಡಿತು. ಆದರೆ ಆ ನಗುವಿನ ಹಿಂದೆ ಇರೋದು ಒಬ್ಬನ ಮನೆ ಕಣಜ ತುಂಬಿ, ಊರಿಗೆ ಊರೇ ಸಾಲದಲ್ಲಿರುವ ಕಥೆ.

1979ರಲ್ಲಿ ಗೊರೂರಿನಲ್ಲೇ ಹೇಮಾವತಿ ಅಣೆಕಟ್ಟು ಪೂರ್ತಿಯಾಯಿತು. ಕಾಲುವೆಯ ನೀರು ಕೆಳಗಿನ ಮಂಡ್ಯ, ತುಮಕೂರಿನ ಹೊಲಗಳಿಗೆ ಹರಿಯಿತು. ಇತ್ತ ಹಿನ್ನೀರಿನಲ್ಲಿ ಊರುಗಳು, ಹೊಲಗಳು ಮುಳುಗಿದವು. ಇವತ್ತು ನಾವು ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಫೋಟೊ ತೆಗೆದು ಹಾಕುತ್ತೇವೆ. ಆ ನೀರಿನಡಿ ಯಾರ ಬೆಳೆ ಇತ್ತು ಅಂತ ಕ್ಯಾಪ್ಷನ್ ಬರೆಯಲ್ಲ.

ಹಳ್ಳಿ ಬಿಟ್ಟು ಬೇರೇನೂ ಬರೆಯದವರು ಅಂತ ಅಂದುಕೊಂಡವರಿಗೆ, ಇಳಿವಯಸ್ಸಿನಲ್ಲಿ ಅಮೆರಿಕ ನೋಡಿಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದು ತೋರಿಸಿದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1982ರಲ್ಲಿ ಶಿರಸಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1991ರಲ್ಲಿ ತೀರಿಕೊಂಡರು.

ಈಗ ಊಟಕ್ಕೆ ಬರೋಣ. ಹಾಸನ ಜಿಲ್ಲೆಯ ಹೆಸರು ಮಾಡಿರುವ ಬೆಳೆ ಆಲೂಗಡ್ಡೆ. ಅದರ ಬಿತ್ತನೆಗಡ್ಡೆ ಬರೋದು ದೂರದ ಪಂಜಾಬಿನ ಜಲಂಧರದಿಂದ. ಮಳೆ ಹೆಚ್ಚಾಗಿ ಅಂಗಮಾರಿ ರೋಗ ಬಿದ್ದರೆ ರೈತನಿಗೆ ಹಾಕಿದ ದುಡ್ಡೂ ವಾಪಸ್ ಬರಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜಾಗೋದು ತಂಬಾಕು, ಅದನ್ನು ತಿನ್ನೋಕಾಗಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದರೆ ಅದೇ ಆಲೂಗಡ್ಡೆ ಗಡ್ಡೆ ಅನ್ನೋ ಕಾರಣಕ್ಕೆ ಜೈನರ ಅಡುಗೆಗೆ ಬರಲ್ಲ. ಒಂದೇ ಜಿಲ್ಲೆ, ಆದರೆ ‘ನಮ್ಮ ಊಟ’ ಒಂದಲ್ಲ.

ಎಲೆಯ ಸುತ್ತಲಿನ ಗೆರೆಯಾದರೂ ಅಳಿಸಿತಾ? 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ದೇವಸ್ಥಾನದ ಒಳಗೆ ಹೋದದ್ದಕ್ಕೆ ದಂಡ ಹಾಕಿದ ಸುದ್ದಿ ರಾಜ್ಯವೆಲ್ಲ ಓದಿತ್ತು. ಗೊರೂರರು ತೀರಿಕೊಂಡು ಆಗ 24 ವರ್ಷ ಆಗಿತ್ತು. ಅವರ ಊರಿನಿಂದ ಅದೇನೂ ಬಹಳ ದೂರದ ಜಾಗವಲ್ಲ.

ಹಾಗಾಗಿ ಹಾಸನಕ್ಕೆ ಬರುವವರಿಗೆ ನನ್ನ ಸಲಹೆ ಇಷ್ಟೇ. ಅವರೆಕಾಯಿ ಕಾಲದಲ್ಲಿ ಬನ್ನಿ. ಬೋರ್ಡು ನೋಡಿ ಅಲ್ಲ, ಕೂಲಿಯವರು, ಡ್ರೈವರ್‌ಗಳು, ಆಫೀಸಿನವರು ಒಂದೇ ಬೆಂಚಿನಲ್ಲಿ ಕೂತು ಮುದ್ದೆ ಮುರಿಯುವ ಮೆಸ್ ನೋಡಿ ಒಳಗೆ ಹೋಗಿ. ಸಾರು ಚೆನ್ನಾಗಿದ್ದರೆ ಹೇಳಿ. ಜೊತೆಗೆ, ಈ ಊರಲ್ಲಿ ಹಬ್ಬದ ದಿನ ಎಲ್ಲರಿಗೂ ಒಂದೇ ಸಾಲಿನಲ್ಲಿ ಊಟ ಹಾಕ್ತಾರಾ ಅಂತಲೂ ಕೇಳಿ. ಬರುವ ಉತ್ತರವನ್ನೂ ನಿಮ್ಮ ಫುಡ್ ರಿವ್ಯೂನಲ್ಲಿ ಸೇರಿಸಿ.