ಮತ್ತೆ ಮತ್ತೆ ಬದುಕು ಕಟ್ಟಿದ ರಮಾಬಾಯಿ

ಪಶ್ಚಿಮ ಘಟ್ಟದ ಗಂಗಾಮೂಲವು ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಕನ್ನಡಿಗರಿಗೆಲ್ಲ ಪರಿಚಿತ. 1858ರ ಏಪ್ರಿಲ್ 23ರಂದು ಅದೇ ಕಾಡಿನ ಮನೆಯೊಂದರಲ್ಲಿ ಜನಿಸಿದ ಹೆಣ್ಣುಮಗು ಮುಂದೆ ಪಂಡಿತಾ ರಮಾಬಾಯಿ ಎಂದು ಮೂರು ಖಂಡಗಳಲ್ಲಿ ಹೆಸರಾದ ಸಂಗತಿ ಅಷ್ಟು ಪರಿಚಿತವಲ್ಲ. ಮಹಾರಾಷ್ಟ್ರ ಆಕೆಯನ್ನು ತನ್ನವರೆಂದು ಒಪ್ಪಿಕೊಳ್ಳಲು ಬಹುಕಾಲ ಹಿಂಜರಿಯಿತು. ನಾವಂತೂ ಆಕೆ ನಮ್ಮವರೆಂಬುದನ್ನೇ ಮರೆತೆವು. ಎರಡಕ್ಕೂ ಒಂದೇ ಕಾರಣವಿರಬಹುದು. ಯಾವ ಸಮುದಾಯದ ಚೌಕಟ್ಟಿನಲ್ಲಿಯೂ ಸುಮ್ಮನೆ ಕುಳಿತಿರುವ ಸ್ವಭಾವ ಅವರದಾಗಿರಲಿಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಬ್ರಾಹ್ಮಣರು. ಯೌವನದಲ್ಲಿ ಪುಣೆಗೆ ವ್ಯಾಸಂಗಕ್ಕೆ ಹೋಗಿದ್ದಾಗ, ಅವರ ಗುರುಗಳು ಪೇಶ್ವೆಯ ಪತ್ನಿಗೂ ಸಂಸ್ಕೃತ ಹೇಳಿಕೊಡುತ್ತಿದ್ದರು. ಸ್ತ್ರೀಯರ ಬಾಯಲ್ಲಿ ಶ್ಲೋಕ ಕೇಳಿದ ಆ ಅನುಭವ ಅವರ ತಲೆಯಲ್ಲಿ ನೆಟ್ಟಿತು. ಊರಿಗೆ ಮರಳಿ ಮೊದಲ ಹೆಂಡತಿಗೆ ಪಾಠ ಹೇಳಲು ತೊಡಗಿದರೆ ಮನೆಯ ಹಿರಿಯರು ಅಡ್ಡ ಬಂದರು. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ್ದ ಶಾಸ್ತ್ರಿಗಳು ಗೋದಾವರಿ ತೀರದಲ್ಲಿ ಭೇಟಿಯಾದ ಯಾತ್ರಿಕನೊಬ್ಬನ ಒಂಬತ್ತು ವರ್ಷದ ಮಗಳು ಲಕ್ಷ್ಮೀಬಾಯಿಯ ಕೈಹಿಡಿದರು. ಹೆಣ್ಣಿನ ವಿದ್ಯೆಗಾಗಿ ಸಮಾಜವನ್ನೇ ಎದುರು ಹಾಕಿಕೊಂಡವರಿಗೆ ಬಾಲ್ಯವಿವಾಹದಲ್ಲಿ ಅಸಹಜವಾದುದೇನೂ ಕಾಣಿಸಲಿಲ್ಲ. ಆ ಕಾಲವೇ ಹಾಗಿತ್ತು. ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಿದ್ದೇ ದೊಡ್ಡ ಅಪರಾಧವಾಗಿ, ಉಡುಪಿಯ ವಿದ್ವಾಂಸರ ಮುಂದೆ ಶಾಸ್ತ್ರಾಧಾರ ಕೊಟ್ಟು ಸಮರ್ಥಿಸಿಕೊಳ್ಳಬೇಕಾಯಿತು. ಊರಿನ ಗೊಡವೆಯೇ ಬೇಡವೆಂದು ಕಾಡು ಸೇರಿ ಗಂಗಾಮೂಲದಲ್ಲಿ ಆಶ್ರಮ ಕಟ್ಟಿದರು. ಶಿಷ್ಯರು, ಯಾತ್ರಿಕರು, ಅತಿಥಿಗಳು ಬಂದರು. ಜೊತೆಗೆ ಸಾಲವೂ ಬಂತು. ರಮಾ ಆರು ತಿಂಗಳ ಕೂಸಾಗಿದ್ದಾಗ ಆ ಮನೆಯನ್ನು ಬಿಟ್ಟು ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಘಟ್ಟದಿಂದ ಕೆಳಕ್ಕೆ ಇಳಿಸಲಾಯಿತು.

ಅಲ್ಲಿಂದ ಮುಂದೆ ಹದಿನೈದು ವರ್ಷಗಳಿಗೂ ಮಿಕ್ಕಿ ಆ ಸಂಸಾರಕ್ಕೆ ಸ್ವಂತ ಸೂರಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯದ ಪ್ರಾಕಾರದಲ್ಲೋ ಅಶ್ವತ್ಥಕಟ್ಟೆಯಲ್ಲೋ ಕುಳಿತು ಪುರಾಣ ಹೇಳುವುದು, ಬಂದ ದಕ್ಷಿಣೆಯಲ್ಲಿ ಜೀವನ ಸಾಗಿಸುವುದು. ನಸುಕಿನಲ್ಲೆದ್ದು ತಾಯಿ ಪಾಠ ಹೇಳಿಕೊಡುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಮಗಳ ಕಂಠದಲ್ಲಿ ನಿಂತದ್ದು ಹೀಗೆ. ಆದರೆ ಆ ಕುಟುಂಬಕ್ಕೆ ಬೇರಾವ ಕಸುಬೂ ತಿಳಿದಿರಲಿಲ್ಲ. ಕೂಲಿ ಮಾಡುವುದು ಕುಲಗೌರವಕ್ಕೆ ಕುಂದು, ಇಂಗ್ಲಿಷ್ ಕಲಿಯುವುದು ಧರ್ಮಕ್ಕೆ ಕುಂದು ಎಂಬ ನಂಬಿಕೆ ಗಟ್ಟಿಯಾಗಿತ್ತು.

1870ರ ದಶಕದಲ್ಲಿ ಬರ ಬಂದಾಗ ಈ ನಂಬಿಕೆಯ ಬೆಲೆ ತೆರಬೇಕಾಯಿತು. ಇದ್ದಬದ್ದ ಪಾತ್ರೆ, ಒಡವೆ, ಬಟ್ಟೆಗಳನ್ನು ಮಾರಿ ದೇವರ ಸೇವೆಗೂ ಬ್ರಾಹ್ಮಣರ ದಕ್ಷಿಣೆಗೂ ಸುರಿದರು. ಕೊನೆಗೆ ತಿರುಪತಿಯ ಬಳಿಯ ಕಾಡು ಸೇರಿ, ಎಲೆ ತಿಂದು ಸಾವಿನ ದಾರಿ ಕಾದರು. ಕುಲದ ಹಮ್ಮು ಬದಿಗಿಟ್ಟು ಕೂಲಿ ಮಾಡಲು ಅಣ್ಣ ಶ್ರೀನಿವಾಸ ಮನಸ್ಸು ಮಾಡಿದ್ದು ಆಗಲೇ. ತಂದೆ 1874ರಲ್ಲಿ ಕಣ್ಮುಚ್ಚಿದರು. ಕೆಲವೇ ವಾರಗಳಲ್ಲಿ ತಾಯಿಯೂ ಹೊರಟರು. ಸಾಯುವ ಮುನ್ನ ಅನ್ನಕ್ಕಾಗಿ ಕನವರಿಸುತ್ತಿದ್ದ ತಾಯಿಗಾಗಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ರಮಾ ಪಕ್ಕದ ಮನೆಗೆ ಹೋದರೆ, ಬೇಡುವ ಮಾತೇ ನಾಲಗೆಯಿಂದ ಹೊರಡಲಿಲ್ಲ. ಸಾವಿರಾರು ಶ್ಲೋಕಗಳನ್ನು ತಡವರಿಸದೆ ಹೇಳಬಲ್ಲ ಹುಡುಗಿ ಹಸಿವಿನ ಮುಂದೆ ಮೂಕಳಾದ ಆ ಗಳಿಗೆಯನ್ನು ಆಕೆ ಮುಂದೆ ಯಾವ ಸಭೆಯ ಸನ್ಮಾನದ ನಡುವೆಯೂ ಮರೆಯಲಿಲ್ಲ. ಅಕ್ಕ ಕಾಲರಾಕ್ಕೆ ಬಲಿಯಾದಳು. ಉಳಿದ ಅಣ್ಣ ತಂಗಿ ಸಾವಿರಾರು ಮೈಲಿ ನಡೆದರು. ಉತ್ತರದ ಚಳಿಯಲ್ಲಿ ಹೊದೆಯಲು ಕಂಬಳಿಯಿಲ್ಲದೆ, ಝೇಲಂ ನದಿಯ ದಡದಲ್ಲಿ ಹೊಂಡ ತೋಡಿ, ತಲೆಯೊಂದನ್ನು ಬಿಟ್ಟು ಮೈಗೆಲ್ಲ ಮರಳು ಮುಚ್ಚಿಕೊಂಡು ಮಲಗಿದರು. ಶಾಸ್ತ್ರ ವಿಧಿಸಿದ ವ್ರತ, ದಾನ, ಜಪಗಳೆಲ್ಲವನ್ನೂ ಪೂರೈಸಿಯೂ ಯಾವ ದೇವರೂ ಓಗೊಡಲಿಲ್ಲವಲ್ಲ ಎಂಬ ಸಂಶಯ ಈ ನಡಿಗೆಯಲ್ಲೇ ಮೊಳೆಯಿತು. ಮುಂದಿನ ಮತಾಂತರವನ್ನು ಮಿಷನರಿಗಳ ಕೈವಾಡವೆಂದಷ್ಟೇ ಬಗೆಯುವವರು ಈ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1878ರಲ್ಲಿ ಕಲ್ಕತ್ತ ತಲುಪಿದಾಗ ಅದೃಷ್ಟ ತಿರುಗಿತು. ಇಪ್ಪತ್ತರ ತರುಣಿಯೊಬ್ಬಳು ನಿರರ್ಗಳವಾಗಿ ಸಂಸ್ಕೃತದಲ್ಲಿ ಉತ್ತರಿಸುವುದನ್ನು ಕಂಡು ಬೆರಗಾದ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿ ಕೊಟ್ಟು ಓದಲು ಹೇಳಿದರು. ಸ್ತ್ರೀ ವೇದ ಓದಬಾರದೆಂಬುದನ್ನು ಪುರಾಣ ಕಲಿಸಿದ್ದ ತಂದೆಯೂ ಮೀರಿರಲಿಲ್ಲ, ಮಗಳು ಮೀರಿದರು. ಧರ್ಮಶಾಸ್ತ್ರಗಳನ್ನು ತಾವೇ ಓದಿದಾಗ, ಎಷ್ಟೋ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿರುವ ಗ್ರಂಥಗಳು ಹೆಣ್ಣನ್ನು ಕೀಳೆನ್ನುವುದರಲ್ಲಿ ಮಾತ್ರ ಒಮ್ಮತದಿಂದಿರುವುದು ಅವರ ಗಮನಕ್ಕೆ ಬಂತು.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಸಿವಿಲ್ ವಿವಾಹವಾದರು. ಜಾತಿ ಬೇರೆ, ಪ್ರಾಂತ ಬೇರೆ, ಭಾಷೆ ಬೇರೆ. ಸಿಲ್ಚಾರ್‌ನಲ್ಲಿ ಸಂಸಾರ ಹೂಡಿದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನೂ ಒಯ್ದಿತು. ಇಪ್ಪತ್ತಮೂರರ ವಿಧವೆಯ ಕೈಯಲ್ಲಿ ಇದ್ದದ್ದು ಹಸುಗೂಸು ಮತ್ತು ಸಂಸ್ಕೃತ.

ಪುಣೆಗೆ ಬಂದು ಹೊಸದಾಗಿ ಆರಂಭಿಸಿದರು. ನ್ಯಾಯಮೂರ್ತಿ ರಾನಡೆಯವರ ವಲಯ ಆದರದಿಂದ ಬರಮಾಡಿಕೊಂಡಿತು. ಆರ್ಯ ಮಹಿಳಾ ಸಮಾಜ ಸ್ಥಾಪನೆಯಾಯಿತು. ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ' ಬರೆದರು. ಅದೇ ವರ್ಷ ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರೂ ಸ್ತ್ರೀಯರ ಚಿಕಿತ್ಸೆಗೆ ವೈದ್ಯೆಯರೂ ಏಕೆ ಬೇಕೆಂದು ವಿವರಿಸಿದರು. ತಾವೇ ವೈದ್ಯೆಯಾಗಬೇಕೆಂಬ ಹಂಬಲ ಅವರಿಗಿತ್ತು. ಪುಸ್ತಕದ ಮಾರಾಟದಿಂದ ಬಂದ ಹಣವನ್ನು ಪ್ರಯಾಣಕ್ಕೆ ಹೊಂದಿಸಿಕೊಂಡು 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಅಲ್ಲಿ ಕಿವಿ ಕೈಕೊಟ್ಟಿತು. ಕಿವುಡುತನ ಹೆಚ್ಚಿದ್ದರಿಂದ ವೈದ್ಯಕೀಯ ವ್ಯಾಸಂಗದ ಬಾಗಿಲು ಮುಚ್ಚಿತು. ಅದೇ ಸೆಪ್ಟೆಂಬರಿನಲ್ಲಿ ವಾಂಟೇಜ್‌ನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಬಳಿಕ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಾ ತಾವೂ ಕಲಿತರು.

ಮತಾಂತರದ ಸುದ್ದಿ ಪುಣೆಯನ್ನು ಕೆರಳಿಸಿತು. ಆದರೆ ಇಂಗ್ಲೆಂಡಿನ ಪಾದ್ರಿಗಳಿಗೂ ಆಕೆ ಸುಲಭದ ತುತ್ತಾಗಲಿಲ್ಲ. ತ್ರಿತ್ವ ಸಿದ್ಧಾಂತವನ್ನು ಪ್ರಶ್ನಿಸಿದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ಸಂಸ್ಕೃತ ಏಕಾಗದು ಎಂದು ಕೇಳಿದರು. ಸಸ್ಯಾಹಾರ ಬಿಡಲಿಲ್ಲ. ಪುರೋಹಿತರ ಅಧಿಕಾರದಿಂದ ಬಿಡಿಸಿಕೊಂಡು ಬಂದವರು ಬಿಷಪ್ಪರ ಅಧಿಕಾರಕ್ಕೆ ತಲೆಬಾಗುವರೆಂದು ನಿರೀಕ್ಷಿಸಿದ್ದು ಅವರನ್ನು ಬಲ್ಲವರ ತಪ್ಪು ಲೆಕ್ಕಾಚಾರ. ಇದೇ ವೇಳೆ ದೇಶದಲ್ಲಿ ಜೋತಿಬಾ ಫುಲೆಯವರು ಆಕೆಯ ಪರವಾಗಿ ಬರೆದದ್ದನ್ನು ಇಲ್ಲಿ ನೆನೆಯಬೇಕು.

1886ರಲ್ಲಿ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆದ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದವರು ಅಲ್ಲಿ ಎರಡು ವರ್ಷಕ್ಕೂ ಮೀರಿ ಉಳಿದರು. ಊರೂರು ಸುತ್ತಿ ಭಾಷಣ ಮಾಡಿದರು. ಶಿಶುವಿಹಾರದ ಬೋಧನಾಕ್ರಮ ಕಲಿತರು. 1887ರಲ್ಲಿ ಹಿಂದೂ ಮೇಲ್ಜಾತಿಯ ಸ್ತ್ರೀಯ ಸ್ಥಿತಿಗತಿ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು ತಾಯಿಗೆ ಅರ್ಪಿಸಿದರು. ಬಾಸ್ಟನ್ನಿನಲ್ಲಿ ರೂಪುಗೊಂಡ ರಮಾಬಾಯಿ ಸಂಘ, ಬಾಲವಿಧವೆಯರಿಗಾಗಿ ತೆರೆಯಲಿದ್ದ ಶಾಲೆಗೆ ಹತ್ತು ವರ್ಷ ಹಣ ಕೊಡಲು ಒಪ್ಪಿತು. ಶಾಲೆಯಲ್ಲಿ ಮತಬೋಧನೆ ಇರಬಾರದೆಂಬುದು ಷರತ್ತು.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಮೊದಲ ಬಾಲವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಕೆಲವು ವರ್ಷಗಳ ತರುವಾಯ, 1893ರಲ್ಲಿ, ವಿಧುರರಾಗಿದ್ದ ಧೋಂಡೊ ಕೇಶವ ಕರ್ವೆಯವರು ಆಕೆಯನ್ನು ವಿವಾಹವಾದರು. ಸ್ತ್ರೀಶಿಕ್ಷಣಕ್ಕೆ ಬದುಕನ್ನೇ ಮುಡಿಪಾಗಿಟ್ಟು ಭಾರತರತ್ನರಾದ ಕರ್ವೆಯವರ ಮನೆಯೊಡತಿ ಆನಂದಿಬಾಯಿ ರೂಪುಗೊಂಡದ್ದು ರಮಾಬಾಯಿಯ ಚಾವಡಿಯಲ್ಲಿ. ಇತಿಹಾಸ ಪುಸ್ತಕಗಳು ಈ ಋಣವನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ.

ಸದನ 1890ರಲ್ಲಿ ಪುಣೆಗೆ ಬಂತು. ರಮಾಬಾಯಿ ತಮ್ಮ ಪ್ರಾರ್ಥನೆಯನ್ನು ಬಾಗಿಲು ತೆರೆದೇ ಮಾಡುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬಾಗಿಲು ಮುಚ್ಚಿಕೊಳ್ಳಬೇಕೆಂದು ಹಿತೈಷಿಗಳು ಹೇಳಿದರು, ಅವರು ಒಪ್ಪಲಿಲ್ಲ. ತಿಲಕರ 'ಕೇಸರಿ' ಹರಿಹಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಸಮಿತಿಯಿಂದ ಹೊರನಡೆದರು. ಪಾಲಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಇಲ್ಲಿ ಎರಡೂ ಕಡೆಗೂ ನ್ಯಾಯ ಸಲ್ಲಬೇಕು. ಮತಬೋಧನೆಯಿಲ್ಲವೆಂಬ ಭರವಸೆ ನಂಬಿ ಮಕ್ಕಳನ್ನು ಕಳಿಸಿದವರ ಆತಂಕ ಹುರುಳಿಲ್ಲದ್ದಾಗಿರಲಿಲ್ಲ. ಆದರೆ ತಲೆ ಬೋಳಿಸಿ ಮೂಲೆಗೆ ತಳ್ಳಿದ್ದ ಮಗುವಿನ ಧರ್ಮದ ಬಗೆಗೆ ಏಕಾಏಕಿ ಹುಟ್ಟಿದ ಆ ಕಾಳಜಿ, ಅವಳ ಅನ್ನದ ಬಗೆಗೆ ಮೊದಲೇ ಹುಟ್ಟಬಾರದಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿ ಹೊರಟೇಬಿಟ್ಟರು. ಬರದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳು ಯಾರ ಕೈಗೆ ಸಿಗುತ್ತಾರೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂರಾರು ಮಂದಿಯನ್ನು ಕರೆತಂದರು. ಆಗಲೇ ಪುಣೆಯಲ್ಲಿ ಪ್ಲೇಗು ಹಬ್ಬಿ, ಹೊಸಬರನ್ನು ನಗರದಲ್ಲಿ ಇಟ್ಟುಕೊಳ್ಳಲು ಅಡ್ಡಿಯಾಯಿತು. ಪುಣೆಯಿಂದ ಸುಮಾರು ನಲವತ್ತು ಮೈಲಿ ದೂರದ ಕೇಡಗಾಂವ್‌ನಲ್ಲಿ ಕೊಂಡಿದ್ದ ಹೊಲದಲ್ಲಿ ಗುಡಿಸಲು ಎದ್ದವು. ಅದೇ ಮುಕ್ತಿ ಸದನ. ಪ್ಲೇಗು ಆಸ್ಪತ್ರೆಗಳಲ್ಲಿ ಸ್ತ್ರೀಯರು ಎದುರಿಸಿದ ಅವಮಾನದ ಕುರಿತು ಅವರು 1897ರಲ್ಲಿ ಪತ್ರಿಕೆಗೆ ಬರೆದ ಪತ್ರ ಬ್ರಿಟಿಷ್ ಸಂಸತ್ತಿನವರೆಗೂ ಹೋಯಿತು. ಆಕೆಯನ್ನು ಬಿಳಿಯರ ಬಂಟರೆಂದವರು ಇದನ್ನೂ ಓದಿದ್ದರೆ ಚೆನ್ನಾಗಿತ್ತು.

1900ರಲ್ಲಿ ಗುಜರಾತಿನ ಬರ. ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ಅಲ್ಲಿ ಓದುಬರಹದ ಜೊತೆಗೆ ಕಸುಬು ಕಡ್ಡಾಯ. ಒಕ್ಕಲುತನ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಬ್ರೈಲ್ ಪಾಠವಿತ್ತು. ಕೂಲಿಯನ್ನು ಅವಮಾನವೆಂದು ಬಗೆದು ಹಸಿವಿಗೆ ಬಲಿಯಾದ ಮನೆಯ ಮಗಳು, ತನ್ನ ಆಶ್ರಯಕ್ಕೆ ಬಂದ ಪ್ರತಿ ಹುಡುಗಿಯ ಕೈಗೂ ಒಂದು ಕೆಲಸ ಕೊಟ್ಟರು. ಈ ಕಾರ್ಯ ಕನ್ನಡ ನಾಡಿಗೂ ಮುಟ್ಟಿತು. 1912ರ ಸುಮಾರಿಗೆ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದು ಆರಂಭವಾಗಿ, ಮನೋರಮಾ ಅದರ ಮುಖ್ಯಸ್ಥೆಯಾದರು.

ಕಡೆಯ ವರ್ಷಗಳಲ್ಲಿ ರಮಾಬಾಯಿ ಹಿಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಮರಾಠಿಗೆ ತಂದರು. ಓದು ಬಲ್ಲ ಸಾಮಾನ್ಯ ಹೆಂಗಸಿಗೂ ಅರ್ಥವಾಗಬೇಕೆಂಬುದು ಅವರ ಹಟ. ಮೊಳೆಗಳನ್ನು ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಂಗಸರೇ. ತಾಯಿಯ ನಂತರ ಎಲ್ಲ ಹೊಣೆ ಹೊರಬೇಕಿದ್ದ ಮನೋರಮಾ 1921ರ ಜುಲೈನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳೂ ತುಂಬಿರಲಿಲ್ಲ, 1922ರ ಏಪ್ರಿಲ್ 5ರಂದು ರಮಾಬಾಯಿ ಕೊನೆಯುಸಿರೆಳೆದರು. ಅಷ್ಟರಲ್ಲಿ ಅನುವಾದದ ಕರಡು ತಿದ್ದುವ ಕೆಲಸ ಮುಗಿದಿತ್ತು. ಭಾರತ ಸರ್ಕಾರ 1989ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.