ನಗುಮೊಗದ ದಾಸೋಹ

ಕಮಲಾಪುರದಿಂದ ಕಲಬುರಗಿಗೆ ಓದಲು ಬಂದ ಮೊದಲ ವಾರ. ಕೈಯಲ್ಲಿ ಕಾಸಿಲ್ಲದೆ ಶರಣಬಸವೇಶ್ವರರ ಗುಡಿಯ ದಾಸೋಹದಲ್ಲಿ ಪಂಕ್ತಿಗೆ ಕುಳಿತಿದ್ದೆ. ನಾಚಿಕೆಯಿಂದ ತಲೆ ತಗ್ಗಿತ್ತು. ಬಡಿಸುತ್ತಿದ್ದ ಮುತ್ಯಾ ನನ್ನನ್ನು ನೋಡಿ ಮುಗುಳ್ನಕ್ಕು, ಕೇಳದೆಯೇ ಇನ್ನಷ್ಟು ಅನ್ನ ನೀಡಿದರು. ಆ ನಗೆಯ ಮೂಲವನ್ನು ಅರಸಿ ನಾನು ಶರಣರ ಚರಿತ್ರೆಗೆ ಹೋದೆ.

1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಅವರದು ಒಕ್ಕಲುತನದ ಬದುಕು. ಬೆಳೆಗೆ ಎರಗುವ ಹಕ್ಕಿಗಳನ್ನು ಓಡಿಸದೆ, ಅವು ಕುಡಿಯಲೆಂದು ಹೊಲದಲ್ಲಿ ನೀರಿಡುತ್ತಿದ್ದರೆಂದು ನಮ್ಮ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಹಾಗೆ ನೀರಿಡುವವರ ಮೊಗದಲ್ಲಿ ನಗೆಯಲ್ಲದೆ ಮತ್ತೇನಿದ್ದೀತು? ಮುಂದೆ ಹುಟ್ಟೂರನ್ನು ಬಿಟ್ಟು ಕಲಬುರಗಿಯಲ್ಲಿ ನೆಲೆಸಿ, ಹಸಿದು ಬಂದವರಿಗೆಲ್ಲ ಉಣಬಡಿಸಿದರು. 1822ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಅವರು ಹಚ್ಚಿದ ಒಲೆ ಆರಿಲ್ಲ.

ಮುಖ ಗಂಟಿಕ್ಕಿ ಕೊಟ್ಟ ಅನ್ನವೂ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ಉಂಡವನು ಕುಗ್ಗಿ ಏಳುತ್ತಾನೆ. ನಗುತ್ತ ನೀಡಿದಾಗಲೇ ಅದು ದಾಸೋಹ. ಅಂದು ನಾನು ತಲೆಯೆತ್ತಿ ಉಂಡು ಎದ್ದೆ.

ಪ್ರತಿ ವರ್ಷವೂ ಹಳ್ಳಿಗಳಿಂದ ಬಂದ ಹೊಸ ಹುಡುಗರು ನಮ್ಮ ಕಾಲೇಜಿನ ಬಾಗಿಲಲ್ಲಿ ಅಳುಕುತ್ತ ನಿಲ್ಲುತ್ತಾರೆ. ಸಹಪಾಠಿಗಳೇ, ಅನ್ನ ನೀಡುವ ಶಕ್ತಿ ನಮಗಿಲ್ಲದಿರಬಹುದು. ಆ ನಗೆಗೇನು ಬಡತನ?